ಬಟ್ಟೆ ಹಾಸಿ ಕಟ್ಟಿದ ಸೇತುವೆ

ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ಹಳ್ಳಕ್ಕೆ ಅಡ್ಡಲಾಗಿ ನಾನು ಕಟ್ಟಿದ ಎಂಟು ಮೀಟರಿನ ಸೇತುವೆ ಈಗ ಎರಡು ಮಳೆಗಾಲಗಳನ್ನು ಕಂಡಿದೆ. ಅದರ ಅಬಟ್‌ಮೆಂಟುಗಳಲ್ಲಿ, ಅಂದರೆ ಸೇತುವೆಯ ಎರಡು ತುದಿಗಳನ್ನು ಹೊರುವ ಆಧಾರಗಳಲ್ಲಿ, ಕಾಂಕ್ರೀಟ್ ಗೋಡೆಯಿಲ್ಲ. ಮುಖಕ್ಕೆ ಸಾಲಿಡ್ ಬ್ಲಾಕು, ಹಿಂದೆ ಜಲ್ಲಿ, ಜಲ್ಲಿಯ ನಡುವೆ ಪದರ ಪದರವಾಗಿ ಜಿಯೋಟೆಕ್ಸ್‌ಟೈಲ್ ಎಂಬ, ಪ್ಲಾಸ್ಟಿಕ್ ಎಳೆಗಳಿಂದ ನೇಯ್ದ ಗಟ್ಟಿ ಬಟ್ಟೆ, ಅದರ ಮೇಲೆ ನೇರವಾಗಿ ತೊಲೆಗಳು. ಅಮೆರಿಕದ ಓಹಾಯೊದ ಡಿಫಯನ್ಸ್ ಕೌಂಟಿಯಲ್ಲಿ ಬೋಮನ್ ರಸ್ತೆಯ ಸುಮಾರು 25 ಮೀಟರಿನ ಸೇತುವೆಯನ್ನು 2005ರಲ್ಲಿಯೇ ಹೀಗೆ ಕಟ್ಟಿದ್ದಾರೆಂದು ಚಿತ್ರ ಸಮೇತ ತೋರಿಸಿದರೂ, ತೋಟದ ಮಾಲೀಕರಿಗೆ ಪರಿಚಿತರಾದ ನಿವೃತ್ತ ಎಂಜಿನಿಯರರೊಬ್ಬರು, “ಬಟ್ಟೆ ಹಾಸಿ ಸೇತುವೆ ಕಟ್ಟುತ್ತೀರಾ ಸ್ವಾಮಿ?” ಎಂದು ನಕ್ಕಿದ್ದರು. ಅವರ ನಗುವಿಗೆ ಮೊದಲ ವರ್ಷ ನಾನೇ ಕಾರಣ ಒದಗಿಸಿದೆ.

ಜಲ್ಲಿಯ ಖರ್ಚು ಉಳಿಯಲೆಂದು ತೋಟದ ಕೆಂಪು ಮಣ್ಣನ್ನೇ ತುಂಬಿಸಿ, ಬಟ್ಟೆ ಗಟ್ಟಿಯಾಗಿದೆಯೆಂಬ ಧೈರ್ಯದಲ್ಲಿ ಬ್ಲಾಕಿನ ಎರಡು ವರಸೆಗೊಮ್ಮೆ (ಸಾಲಿಗೊಮ್ಮೆ), ಅಂದರೆ 40 ಸೆಂಟಿಮೀಟರಿಗೊಂದರಂತೆ ಹಾಸಿದ್ದೆ. ಜುಲೈ ಮಳೆಗೆ ಮಣ್ಣು ನೀರು ಕುಡಿದು ಎಡಬದಿಯ ಮುಖ ಹೊಟ್ಟೆ ಬಿಟ್ಟಿತು. ತೊಲೆ ಇನ್ನೂ ಏರಿಸಿರಲಿಲ್ಲವೆಂಬುದೊಂದೇ ಪುಣ್ಯ. ಬಿಚ್ಚಿಸಿದ ಜೆಸಿಬಿ ಬಾಡಿಗೆ, ಕೂಲಿ, ಹಾಳಾದ ಬಟ್ಟೆ ಎಲ್ಲ ಸೇರಿ ಒಂದೂಕಾಲು ಲಕ್ಷ ನನ್ನ ಕೈಯಿಂದಲೇ ಹೋಯಿತು.

ಮಳೆ ನಿಂತ ಮೇಲೆ ಅದೇ ತೋಟದ ದರೆಗೆ ಒತ್ತಿ ಆರಾರು ವರಸೆಯ ಎರಡು ಗೋಡೆ ತುಂಡುಗಳನ್ನು ಕಟ್ಟಿ, ಎರಡಕ್ಕೂ ಜಲ್ಲಿಯನ್ನೇ ತುಂಬಿಸಿದೆ. ಒಂದರಲ್ಲಿ ಗಟ್ಟಿ ಬಟ್ಟೆ 40 ಸೆಂಟಿಮೀಟರಿಗೊಂದು. ಇನ್ನೊಂದರಲ್ಲಿ ಅದರ ಅರ್ಧ ಶಕ್ತಿಯ ಅಗ್ಗದ ಬಟ್ಟೆ ಪ್ರತಿ ವರಸೆಗೂ. ಲೋಡು ತುಂಬಿದ ಟಿಪ್ಪರಿನ ಹಿಂಚಕ್ರಗಳನ್ನು ಅಂಚಿನ ಸಮೀಪಕ್ಕೆ ತಂದು ರಾತ್ರಿಯಿಡೀ ನಿಲ್ಲಿಸಿದಾಗ, ಗಟ್ಟಿ ಬಟ್ಟೆಯ ಗೋಡೆ ಎರಡು ಬೆರಳಿನಷ್ಟು ಮುಂದಕ್ಕೆ ಬಂದಿತ್ತು, ಅಗ್ಗದ ಬಟ್ಟೆಯದು ಕದಲಿರಲಿಲ್ಲ. ಭಾರ ಹೊರುವುದರಲ್ಲಿ ಬಟ್ಟೆಯ ಬಲಕ್ಕಿಂತ ಪದರಗಳ ಒತ್ತೊತ್ತೇ ಹೆಚ್ಚು ಮುಖ್ಯ ಎಂಬುದು ನನಗೆ ಮನದಟ್ಟಾದದ್ದು ಆ ಬೆಳಿಗ್ಗೆ. ಹಾಗೆಂದು ಸೇತುವೆಗೆ ಅಗ್ಗದ್ದನ್ನು ಹಾಕುವ ಧೈರ್ಯವಾಗಲಿಲ್ಲ. ಮೀಟರ್ ಅಗಲಕ್ಕೆ 70 ಕಿಲೋನ್ಯೂಟನ್ (ಸುಮಾರು ಏಳು ಟನ್) ಎಳೆತ ತಾಳುವುದನ್ನೇ ತರಿಸಿದೆ.

ಎರಡನೆಯ ಸಲ ಪುಡಿಯಿಲ್ಲದ 12 ಎಂಎಂ ಜಲ್ಲಿ, ಪ್ರತಿ ವರಸೆಗೂ ಬಟ್ಟೆ, ತೊಲೆ ಕೂರುವ ಜಾಗದ ಕೆಳಗೆ 10 ಸೆಂಟಿಮೀಟರಿಗೊಂದರಂತೆ ಐದು ಪದರ, ಮೇಲಿನ ಮೂರು ವರಸೆಗೆ ಟೊಳ್ಳು ಬ್ಲಾಕಿಟ್ಟು ಕಂಬಿ ಇಳಿಸಿ ಕಾಂಕ್ರೀಟ್. ತೊಲೆಯ ಭಾರ ಬ್ಲಾಕಿನ ಮೇಲೆ ಬೀಳದಂತೆ ಅದು ಕೂರುವ ಜಾಗವನ್ನು ಬ್ಲಾಕಿನ ಹಿಂಬದಿಯಿಂದ 20 ಸೆಂಟಿಮೀಟರ್ ಹಿಂದಕ್ಕೆ ಸರಿಸಿ, ಬ್ಲಾಕಿನ ತಲೆಗೂ ತೊಲೆಯ ತಳಕ್ಕೂ ನಡುವೆ ಮೂರಿಂಚು ಖಾಲಿ ಬಿಟ್ಟೆ. ಕೆಲಸದಲ್ಲಿ ಹೆಚ್ಚು ಸಮಯ ತಿಂದದ್ದು ಪೊರಕೆ. ಬ್ಲಾಕಿನ ತಲೆಯ ಮೇಲೆ ಒಂದು ಜಲ್ಲಿಕಲ್ಲು ಉಳಿದರೂ ಮೇಲಿನ ಬ್ಲಾಕು ಓರೆಯಾಗುತ್ತದೆ, ನಾಲ್ಕು ವರಸೆ ಏರುವಷ್ಟರಲ್ಲಿ ತೂಕದ ಗುಂಡು ಬೆರಳಗಲ ತಪ್ಪಿ ತೂಗುತ್ತದೆ; ಹಾಗಾಗಿ ಗುಡಿಸುವುದಕ್ಕೆಂದೇ ಒಬ್ಬರನ್ನು ನೇಮಿಸಿದ್ದೆ. ಮೂಲೆಯಲ್ಲಿ ಬಟ್ಟೆಯನ್ನು ಸುಕ್ಕಿಲ್ಲದೆ ಮಡಿಸುವ ಕ್ರಮವನ್ನು ನಾನೇ ಕಂಡುಕೊಂಡಿದ್ದೇನೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕಾಂಕ್ರೀಟ್ ಅಬಟ್‌ಮೆಂಟಿಗೆ ಹದಿನಾಲ್ಕು ಲಕ್ಷದ ಅಂದಾಜು ಬಂದಿತ್ತು. ನನ್ನದು ಒಂಬತ್ತರ ಆಸುಪಾಸಿನಲ್ಲಿ, ಆರು ಜನರಿಂದ ಇಪ್ಪತ್ತು ದಿನದೊಳಗೆ ಮುಗಿಯಿತು, ಮೊದಲಿನ ನಷ್ಟವನ್ನು ಕೂಡಿಸಿದರೂ ಕಡಿಮೆಯೇ. ಸೇತುವೆ ಇದುವರೆಗೆ 12 ಎಂಎಂನಷ್ಟು ಕುಸಿದಿದೆ, ಆದರೆ ಸೇತುವೆಗೆ ಬಂದು ಸೇರುವ ಕೂಡುರಸ್ತೆಯೂ ಅದೇ ಜಲ್ಲಿ, ಅದೇ ಬಟ್ಟೆಯ ಮೇಲಿರುವುದರಿಂದ ಎರಡೂ ಒಟ್ಟಿಗೇ ಇಳಿದು, ಕಾಫಿ ಮೂಟೆ ಹೊತ್ತ ಲಾರಿ ಕುಲುಕದೆ ದಾಟುತ್ತದೆ.

ನನಗಿರುವ ಅಂಜಿಕೆ ಹಳ್ಳದ ನೀರು ಬುಡ ಕೊರೆಯುವುದರದ್ದು. ಪಾಯದ ಜಲ್ಲಿಯನ್ನೂ ಬಟ್ಟೆಯಲ್ಲಿ ಸುತ್ತಿ ಮುಂದೆ ದೊಡ್ಡ ಕಲ್ಲುಗಳನ್ನು ಕೂರಿಸಿದ್ದೆ. ಕಳೆದ ಆಗಸ್ಟಿನಲ್ಲಿ ಅವುಗಳಲ್ಲಿ ಮೂರು ಉರುಳಿವೆ. ಈ ಬೇಸಿಗೆಯಲ್ಲಿ ಹದಿನೈದು ಸಾವಿರದಷ್ಟು ಖರ್ಚು ಮಾಡಿ ಇನ್ನೂ ದಪ್ಪದ ಕಲ್ಲುಗಳನ್ನು ಇಡಿಸಬೇಕಾಗಿದೆ.