ಪದವಿನ ತೋಡಿಗೆ ಮೊದಲು ಬೇಲಿ, ಆಮೇಲೆ ಕಲ್ಲು, ಕೊನೆಗೆ ಕಟ್ಟ

ಬಾಯಾರು, ಪೈವಳಿಕೆ, ಎಣ್ಮಕಜೆ, ಬೆಳ್ಳೂರು ಕಡೆಯ ಮುರಕಲ್ಲಿನ (ಜಂಬಿಟ್ಟಿಗೆಯ) ಪದವುಗಳಲ್ಲಿ, ಅಂದರೆ ಎತ್ತರದ ಬಯಲುಗಳಲ್ಲಿ, ಹುಟ್ಟುವ ತೋಡುಗಳು (ಸಣ್ಣ ಹಳ್ಳಗಳು) ಆಟಿಯಲ್ಲಿ (ಜುಲೈ–ಆಗಸ್ಟ್) ದಾಟಲು ಹೆದರಿಕೆ ಹುಟ್ಟಿಸುತ್ತವೆ, ಮಕರ ಸಂಕ್ರಮಣ ಕಳೆಯುವಷ್ಟರಲ್ಲಿ ಒಣಗಲ್ಲಾಗಿರುತ್ತವೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ ಕಾಸರಗೋಡಿನಲ್ಲಿ ಇದಕ್ಕೆ ಮಳೆಯನ್ನು ದೂರಿ ಫಲವಿಲ್ಲ. ದನ ಮೇಯುವ ಜಾಗದಲ್ಲಿ ತೋಡು ಕೆಡುವ ಬಗೆ ಹೆಚ್ಚುಕಡಿಮೆ ಒಂದೇ. ದನಗಳು ನೀರಿಗಿಳಿಯುವಲ್ಲಿ ಹುಲ್ಲು ಸಾಯುತ್ತದೆ, ಬರೆ, ಅಂದರೆ ದಡದ ಮಣ್ಣಿನ ಗೋಡೆ, ಹುಡಿಯಾಗುತ್ತದೆ, ನೆರೆ ಬಂದು ಆ ಗಾಯವನ್ನು ಅಗಲಿಸುತ್ತದೆ. ತಳ ಕೊರೆದು ಮುರಕಲ್ಲಿನ ಅಡಿಯ ಶೇಡಿಮಣ್ಣು ಕಂಡಿತೆಂದರೆ ಕೆಡುವ ವೇಗ ಹೆಚ್ಚುತ್ತದೆ. ಶೇಡಿ ಒಣಗಿದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಂಡು ಜರಿಯುತ್ತದೆ. ತಳ ಇಳಿದಷ್ಟೂ ಪಕ್ಕದ ಬೈಲಿನ ನೀರು ಬೇಗ ಬಸಿಯುತ್ತದೆ, ಬಾವಿಯ ಮಟ್ಟವೂ ಇಳಿಯುತ್ತದೆ. ಇಂಥ ತೋಡಿಗೆ ಹೂಳೆತ್ತುವ ಹೆಸರಿನಲ್ಲಿ ಜೆಸಿಬಿ ಇಳಿಸಿ ನೇರ ಮಾಡಿದರೆ ನೀರಿನ ಓಟ ಇನ್ನೂ ಜೋರಾಗಿ ತಳ ಮತ್ತಷ್ಟು ಕೊರೆಯುತ್ತದೆ.

ಕೆಲಸಕ್ಕಿಳಿಯುವ ಮೊದಲು ಗ್ರಾಮ ಪಂಚಾಯತಿನಲ್ಲಿ ವಿಚಾರಿಸಿ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯಂತೆ ತೋಡುಗಳು ಪಂಚಾಯತಿನ ಅಧೀನದಲ್ಲಿವೆ. ಎರಡೂ ದಡ ನಿಮ್ಮದೇ ಜಾಗವಾದರೂ ಒಪ್ಪಿಗೆ ಕೈಯಲ್ಲಿರಲಿ.

ಅಳತೆ: ಹಾರೆ ಹಿಡಿಯುವ ಮೊದಲು

ಒಂದು ವರ್ಷಕ್ಕೆ 100 ಮೀಟರ್ ಸಾಕು. ಕೆಲಸ ಶುರುವಾಗುವ ಮೊದಲಿನ ಲೆಕ್ಕ ಇಲ್ಲದಿದ್ದರೆ ಮೂರು ವರ್ಷದ ನಂತರ ಸುಧಾರಿಸಿತೋ ಇಲ್ಲವೋ ಎಂಬುದು ಬರೀ ಅಭಿಪ್ರಾಯವಾಗಿ ಉಳಿಯುತ್ತದೆ.

ಮೂರು ಕಡೆ ಅಡ್ಡಛೇದ ಅಳೆಯಿರಿ. ನೆರೆ ಮುಟ್ಟದಷ್ಟು ಮೇಲೆ ಎರಡೂ ದಡದಲ್ಲಿ ಒಂದೊಂದು ಕಲ್ಲುಗೂಟ ಹುಗಿದು, ಮೇಸ್ತ್ರಿಗಳು ಬಳಸುವ ನೀರು ತುಂಬಿದ ಟ್ಯೂಬಿನಿಂದ ಮಟ್ಟ ನೋಡಿ ಹಗ್ಗ ಬಿಗಿಯಿರಿ. ಹಗ್ಗದಿಂದ ನೆಲಕ್ಕೆ ಎಷ್ಟು ಆಳ ಎಂದು 25 ಸೆಂ.ಮೀ.ಗೆ ಒಂದರಂತೆ ಬರೆದುಕೊಳ್ಳಿ. ಪ್ರತಿ ಡಿಸೆಂಬರಿನಲ್ಲಿ ಅದೇ ಗೂಟ, ಅದೇ ಮಟ್ಟ. ಹಗ್ಗ ಜೋತುಬಿದ್ದರೆ ಇಡೀ ಲೆಕ್ಕ ವ್ಯರ್ಥ. ಫೋಟೊವನ್ನೂ ಗೂಟದ ಪಕ್ಕದಲ್ಲೇ ನಿಂತು, ಒಂದೇ ದಿಕ್ಕಿಗೆ ತೆಗೆಯಬೇಕು.

ಹರಿವು ಅಳೆಯಲು, ನೀರು ಕಡಿಮೆಯಾದ ಮೇಲೆ, ಜೇಡಿಮಣ್ಣಿನ ಸಣ್ಣ ಒಡ್ಡು ಹಾಕಿ ಪೈಪ್ ಇಟ್ಟು 10 ಲೀಟರಿನ ಬಕೆಟ್ ಹಿಡಿದರೂ ಆಗುತ್ತದೆ. ತುಂಬಲು 8 ಸೆಕೆಂಡ್ ಹಿಡಿದರೆ ಸೆಕೆಂಡಿಗೆ 1.25 ಲೀಟರ್. ನೀರು ಹೆಚ್ಚಿದ್ದರೆ ದಪ್ಪ ತಗಡಿನಲ್ಲಿ 90 ಡಿಗ್ರಿಯ 'ವಿ' ಆಕಾರದ ಕಚ್ಚು ಕತ್ತರಿಸಿ ಅಡ್ಡ ನಿಲ್ಲಿಸಿ. ಕಚ್ಚಿನ ತುದಿಯಿಂದ ಮೇಲಕ್ಕೆ ನೀರು 5 ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 0.8 ಲೀಟರ್, 10 ಇದ್ದರೆ 4.4 ಲೀಟರ್, 15 ಇದ್ದರೆ 12 ಲೀಟರ್. ಅಳೆಯಬೇಕಾದದ್ದು ಕಚ್ಚಿನ ಬಾಯಲ್ಲಲ್ಲ, ಅದರಿಂದ 60 ಸೆಂ.ಮೀ. ಮೇಲ್ಗಡೆ, ನೀರು ಬರುವ ದಿಕ್ಕಿನಲ್ಲಿ, ಯಾಕೆಂದರೆ ಬಾಯಲ್ಲಿ ನೀರು ಬಾಗಿ ಇಳಿಯುವುದರಿಂದ ಲೆಕ್ಕ ಕಡಿಮೆ ಬರುತ್ತದೆ. ತಗಡಿನ ಅಡಿಯಿಂದಲೋ ಬದಿಯಿಂದಲೋ ಒಸರುತ್ತಿದ್ದರೆ ಮೊದಲು ಅದನ್ನು ಮೆತ್ತಿ ನಿಲ್ಲಿಸಿ. ಮಳೆಗಾಲಕ್ಕೆ ಮೊದಲು ತಗಡು ಮನೆಗೆ ಬರಲಿ.

ದನದ ದಾರಿ

ದನವನ್ನು ದೂಡಿ ಓಡಿಸಿದರೆ ಬೇಲಿ ಒಂದು ವಾರವೂ ಬಾಳದು. ಅದಕ್ಕೆ ನೀರು ಬೇಕು. ನಮ್ಮ ಗಿಡ್ಡ ತಳಿಯ ಹಸುವಿಗೂ ಬೇಸಿಗೆಯಲ್ಲಿ ದಿನಕ್ಕೆ 20ರಿಂದ 30 ಲೀಟರ್ ಎಂದು ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು. ಗುಡ್ಡದ ಬದಿಯಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗ ಇದ್ದರೆ ಅದೃಷ್ಟ, ಪಂಪಿಲ್ಲದೆ ಅರ್ಧ ಇಂಚಿನ ಪೈಪಿನಲ್ಲಿ ದನ ಕುಡಿಯುವ ಬಾನಿಗೆ ನೀರು ಇಳಿಯುತ್ತದೆ. ಬಾನಿ ತೋಡಿನಿಂದ ಕಡಿಮೆಯೆಂದರೆ 30 ಮೀಟರ್ ದೂರ, ಗಟ್ಟಿ ನೆಲದಲ್ಲಿ, ನೆರಳಿದ್ದರೆ ಇನ್ನೂ ಒಳ್ಳೆಯದು. ತುಂಬಿ ಹೊರಚೆಲ್ಲುವ ನೀರಿಗೆ ದಾರಿ ಮಾಡದಿದ್ದರೆ ಅಲ್ಲೊಂದು ಕೆಸರುಗುಂಡಿ ಹುಟ್ಟುತ್ತದೆ.

ಆಚೆ ದಡಕ್ಕೆ ದಾಟಲು ಒಂದೇ ಜಾಗ ಬಿಡಿ: 3 ಮೀಟರ್ ಅಗಲ, 6 ಅಡಿ ನಡೆದರೆ 1 ಅಡಿ ಇಳಿಯುವಷ್ಟು ಇಳಿಜಾರು, ಮೇಲೆ ಕರಿಕಲ್ಲಿನ ಜಲ್ಲಿ. ಮುರಕಲ್ಲಿನ ಹುಡಿ ಅಗ್ಗವೆಂದು ಹಾಕಿದರೆ ಗೊರಸಿನಡಿ ಅದು ಕೆಸರಾಗಿ ತೋಡು ಸೇರುತ್ತದೆ.

ಬೇಲಿ ಬರೆಯ ಅಂಚಿನಿಂದ 5 ಮೀಟರ್ ಹಿಂದಿರಲಿ, ಜಾಗ ಇಲ್ಲದಲ್ಲಿ 3. ಗೊಬ್ಬರದ ಗಿಡದ, ಅಂದರೆ ಗ್ಲಿರಿಸಿಡಿಯಾದ, ಬಲಿತ ಕೋಲುಗಳು ಇದಕ್ಕೆ ಹೇಳಿ ಮಾಡಿಸಿದ್ದು. 3–4 ಸೆಂ.ಮೀ. ದಪ್ಪ, ಒಂದಾಳುದ್ದ, ಬುಡ ಓರೆಯಾಗಿ ಕತ್ತರಿಸಿ 30 ಸೆಂ.ಮೀ. ಆಳಕ್ಕೆ. ಅರ್ಧ ಮೀಟರಿಗೊಂದರಂತೆ 100 ಮೀಟರಿನ ಎರಡೂ ಬದಿಗೆ 400 ಕೋಲು ಬೇಕು. ಮೊದಲ ಮಳೆಗೆ ನೆಟ್ಟರೆ ಬೇರು ಬರುತ್ತದೆ. ಅಲ್ಲಿಯವರೆಗೆ ಮೂರು ಸಾಲು ಬಿದಿರೋ ಅಡಿಕೆ ಸಲಾಕೆಯೋ ಅಡ್ಡ ಕಟ್ಟಿ. ಅಭ್ಯಾಸವಿಲ್ಲದ ದನ ಇದರ ಸೊಪ್ಪಿಗೆ ಬಾಯಿ ಹಾಕುವುದು ಕಡಿಮೆ. ಆಡುಗಳ ಮಾತು ಬೇರೆ. ತೋಡಿಗೆ ಅಡ್ಡ ಬರುವಲ್ಲಿ ಗಟ್ಟಿ ಬೇಲಿ ಬೇಡ, ಕಸ ಸಿಕ್ಕಿ ನೆರೆ ಅದನ್ನು ಬುಡಸಮೇತ ಎಳೆದೊಯ್ಯುತ್ತದೆ. ಮೇಲಿನ ಹಗ್ಗಕ್ಕೆ ಸಲಾಕೆಗಳನ್ನು ನೇತುಹಾಕಿದರೆ ನೀರು ಬಂದಾಗ ಎತ್ತಿಕೊಂಡು ದಾರಿ ಬಿಡುತ್ತವೆ.

ಎರಡನೇ ವರ್ಷದಿಂದ ಒಳಗಿನ ಹುಲ್ಲನ್ನು ಕತ್ತಿಯಲ್ಲಿ ಕೊಯ್ದು ಒಯ್ಯಲು ದನ ಸಾಕುವವರಿಗೆ ಬಿಡಿ. ಹುಲ್ಲು ಸಿಗುವ ಬೇಲಿಯನ್ನು ಯಾರೂ ಮುರಿಯುವುದಿಲ್ಲ. ಎಷ್ಟೋ ತೋಡುಗಳಿಗೆ ಈ ಹಂತವೊಂದೇ ಸಾಕು, ಎರಡು ಮಳೆಗಾಲ ಕಾದು ನೋಡಿ ಮುಂದಿನ ಖರ್ಚು ಮಾಡುವುದು ಜಾಣತನ.

ತಳ ಎತ್ತುವುದು

ತಳದಲ್ಲಿ ಮೆಟ್ಟಿಲಿನಂಥ ಹೊಸ ಕೊರಕಲು ಇದ್ದರೆ ಮಾತ್ರ ಕಾಯಬೇಡಿ. ಅದು ವರ್ಷವರ್ಷವೂ ಮೇಲಕ್ಕೆ ತೆವಳುತ್ತದೆ. ಆ ಮೆಟ್ಟಿಲನ್ನು ಕಡಿದು ಇಳಿಜಾರು ಮಾಡಿ, ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಒಂದೊಂದು 10 ಸೆಂ.ಮೀ. ಹಾಸಿ, ಆಮೇಲೆ ದೊಡ್ಡ ಕಲ್ಲು ಕೂರಿಸಿ. ಈ ಎರಡು ಪದರ ಬಿಟ್ಟರೆ ಶೇಡಿ ಕಲ್ಲುಗಳ ಸಂದಿನಿಂದ ಹಾಲಿನಂತೆ ಒಸರಿಹೋಗಿ ಕಲ್ಲು ಹೂತುಹೋಗುತ್ತದೆ.

ಅಡ್ಡ ಕಲ್ಲುತಡೆಗಳು ಮೊಣಕಾಲೆತ್ತರ ಮೀರಬಾರದು. 3 ಮೀಟರ್ ಅಗಲದ ತೋಡಿಗೆ 45 ಸೆಂ.ಮೀ. ಎತ್ತರ, ತಲೆ 40 ಸೆಂ.ಮೀ. ಅಗಲ, ಮೇಲ್ಗಡೆ ಕಡಿದಾಗಿ, ಕೆಳಗಡೆ ಸಾವಕಾಶ ಇಳಿಯುವಂತೆ. ಎರಡೂ ತುದಿಯನ್ನು ಬರೆಯೊಳಗೆ ಅರ್ಧ ಮೀಟರ್ ಹೊಗಿಸಬೇಕು, ನಡು ತುದಿಗಳಿಗಿಂತ 15–20 ಸೆಂ.ಮೀ. ತಗ್ಗಿರಬೇಕು. ತಲೆ ಚಪ್ಪಟೆಯಾದರೆ ನೀರು ಬದಿ ಸುತ್ತಿ ಬರೆಯನ್ನು ಕಡಿಯುತ್ತದೆ. ಸೋತ ತಡೆಗಳಲ್ಲಿ ಮೊದಲು ನೋಡಬೇಕಾದ ತಪ್ಪು ಇದೇ. ನೀರು ಬೀಳುವ ಕಡೆ 1 ಮೀಟರ್ ಉದ್ದಕ್ಕೆ ಕಲ್ಲು ಹಾಸಿ. ಎಲ್ಲ ಸೇರಿ 3 ಘನ ಮೀಟರಿನ ಹತ್ತಿರ, ಕಲ್ಲಿನವರ ಲೆಕ್ಕದಲ್ಲಿ ನೂರು (ಘನ) ಅಡಿ. ಒಬ್ಬರಿಗೆ ಎತ್ತಲು ಕಷ್ಟವಾಗುವಷ್ಟು ದೊಡ್ಡ ಕರಿಕಲ್ಲೇ ಆಗಲಿ, ಸಿಮೆಂಟು ಬೇಡ. ಕೆಳಗಿನ ತಡೆಯ ತಲೆ ಮೇಲಿನದರ ಬುಡಕ್ಕೆ ಸಮ ಬರಬೇಕು. 100 ಮೀಟರಿಗೆ 3 ಮೀಟರ್ ಇಳಿಯುವ ತೋಡಾದರೆ ಅಂತರ 15 ಮೀಟರ್. ಪ್ಲಾಸ್ಟಿಕ್ ಚೀಲದ ಮರಳು ಅಗ್ಗವೇನೋ ಹೌದು, ಆದರೆ ಬಿಸಿಲಿಗೆ ಚೀಲ ಹರಿದು ಚೂರುಗಳು ಕೆಳಗಿನ ತೋಟಗಳಿಗೆ ಹೋಗುತ್ತವೆ.

ಬರೆ ಮತ್ತು ಗಿಡ

ಮಣ್ಣಿನ ಕೆಲಸ ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲು ಮುಗಿಯಬೇಕು. ಜರಿದ ಬರೆಯನ್ನು 1 ಅಡಿ ಎತ್ತರಕ್ಕೆ ಒಂದೂವರೆ ಅಡಿ ಹರಡುವಂತೆ ಇಳಿಜಾರು ಮಾಡಿ ತೆಂಗಿನ ನಾರಿನ ಭೂವಸ್ತ್ರ ಹಾಸಿ. ಮೇಲಿನ ಅಂಚನ್ನು 30 ಸೆಂ.ಮೀ. ಚರಂಡಿಯಲ್ಲಿ ಹುಗಿದು, ಕೆಳಗಿನ ಅಂಚನ್ನು ಕಲ್ಲಿನಡಿ ಒತ್ತಿ, ಮೀಟರಿಗೊಂದು ಬಿದಿರಿನ ಗೂಟ ಹೊಡೆಯಿರಿ. ಎರಡು ಹಾಸು ಸೇರುವಲ್ಲಿ 15 ಸೆಂ.ಮೀ. ಮೇಲೊಂದು ಬರಲಿ, ಹೆಂಚಿನ ಹಾಗೆ: ನೀರು ಬರುವ ಕಡೆಯ ಹಾಸು ಮೇಲೆ. ತಿರುವುಮುರುವಾದರೆ ನೆರೆ ಅಡಿಗೆ ನುಗ್ಗಿ ಎಬ್ಬಿಸುತ್ತದೆ. ನಾರು ಎರಡು ಮೂರು ವರ್ಷದಲ್ಲಿ ಕೊಳೆಯುತ್ತದೆ. ಅಷ್ಟರೊಳಗೆ ಬೇರು ಹಿಡಿಯಬೇಕು.

ಲಾವಂಚದ ಸಸಿ ಎಲೆ 20 ಸೆಂ.ಮೀ.ಗೆ ಕತ್ತರಿಸಿ, 15 ಸೆಂ.ಮೀ.ಗೊಂದು, ಇಳಿಜಾರಿಗೆ ಅಡ್ಡ ಸಾಲಾಗಿ. ನೀರಂಚಿಗೆ ಮುಂಡುಕ, ಹೊಂಗೆ, ಹೊಳೆದಾಸವಾಳ. ಮೇಲೆ ನೇರಳೆ, ಅತ್ತಿ, ಸುರಹೊನ್ನೆ. ಜೂನ್ ನಡುವಿನೊಳಗೆ ನೆಟ್ಟು ಮುಗಿಸಿ, ಆಟಿಯ ನೆರೆಗೆ ಹೊಸ ಗಿಡ ನಿಲ್ಲದು. ಬಿದಿರು ಅಂಚಿನಿಂದ ದೂರ ಇರಲಿ, ಬುಡ ಕೊರೆದರೆ ಇಡೀ ಮೆಳೆ ಬರೆಯನ್ನೂ ಕಿತ್ತುಕೊಂಡು ಬೀಳುತ್ತದೆ. ಅಕೇಶಿಯ ಬೇಡವೇ ಬೇಡ.

ಕಟ್ಟ

ಏತಡ್ಕದ ಕಟ್ಟಗಳು, ಅಂದರೆ ಬೇಸಿಗೆಗೆ ನೀರು ನಿಲ್ಲಿಸಲು ತೋಡಿಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡುಗಳು, ಹೆಸರುವಾಸಿಯಾದ ಜಿಲ್ಲೆಯಿದು, ಕಟ್ಟ ಬೇಡವೆನ್ನುವುದಿಲ್ಲ. ಆದರೆ ಬೇರು ಹಿಡಿಯದ ಬರೆಗೆ ನಾಲ್ಕು ತಿಂಗಳು ನೀರು ನಿಲ್ಲಿಸಿದರೆ ಬುಡ ಕರಗುತ್ತದೆ. ಮೂರನೇ ವರ್ಷದವರೆಗೆ ತಾಳಿ. ಮೇ ತಿಂಗಳಲ್ಲಿ ಕಟ್ಟ ಬಿಚ್ಚುವಾಗಲೂ ಒಮ್ಮೆಲೇ ಒಡೆಯಬಾರದು. ದಿನಕ್ಕೆ ಒಂದು ಗೇಣಿನಷ್ಟು ಇಳಿಸಿ. ನೀರು ಕುಡಿದ ಶೇಡಿಗೆ ಎದುರಿನ ನೀರೇ ಆಸರೆ, ಅದು ದಿಢೀರನೆ ಹೋದರೆ ಬರೆ ಮಗುಚುತ್ತದೆ.

ಪುಸ್ತಕದಲ್ಲಿ ಬರೆಯಬೇಕಾದದ್ದು

ನವೆಂಬರಿನಿಂದ 15 ದಿನಕ್ಕೊಮ್ಮೆ ಹರಿವು ಮತ್ತು ಹತ್ತಿರದ ಬಾವಿಯ ಮಟ್ಟ. ಹರಿವು ನಿಂತ ತಾರೀಕು, ಇದೊಂದನ್ನು ಮರೆಯಲೇಬಾರದು. ಡಿಸೆಂಬರಿನಲ್ಲಿ ಒಮ್ಮೆ, ಮೇಯಲ್ಲಿ ಒಮ್ಮೆ ಗಿಡಗಳ ಎಣಿಕೆ, ಸತ್ತ ಕಾರಣದೊಡನೆ: ಕಚ್ಚಿದ್ದಾದರೆ ಬೇಲಿ ನೋಡಿ, ಕೊಚ್ಚಿಹೋದದ್ದಾದರೆ ಮುಂದಿನ ಸಲ ಮೇಲಕ್ಕೆ ನೆಡಿ. ಜೋರು ಮಳೆಯ ಮರುದಿನ ಒಂದು ಬಾಟಲಿ ನೀರು ತುಂಬಿ 24 ಗಂಟೆ ಇಟ್ಟು ತಳದಲ್ಲಿ ಕೂತ ಮಣ್ಣಿನ ದಪ್ಪ ಅಳೆಯಿರಿ. ನೀರಿದ್ದಾಗ ಹತ್ತು ಕಲ್ಲು ಮಗುಚಿ ನೋಡಿ. ಮರಳುಕಣದ ಗೂಡು ಕಟ್ಟಿಕೊಂಡ ಹುಳು, ಮೂರು ಬಾಲದ ಚಪ್ಪಟೆ ಮರಿಗಳು ಸಿಕ್ಕಿದರೆ ನೀರು ಒಳ್ಳೆಯದು. ಕೆಸರಲ್ಲಿ ಕೆಂಪು ಎಳೆಹುಳುಗಳೇ ತುಂಬಿದ್ದರೆ ಸಗಣಿ ಇನ್ನೂ ಬರುತ್ತಿದೆ.

ಒಂದು ಎಚ್ಚರಿಕೆ. ತುಲಾ ಮಳೆ (ಅಕ್ಟೋಬರ್–ನವೆಂಬರಿನ ಮಳೆ) ಚೆನ್ನಾಗಿ ಬಂದ ವರ್ಷ ಏನೂ ಮಾಡದ ತೋಡೂ ತಡವಾಗಿ ಬತ್ತುತ್ತದೆ. ಅದಕ್ಕೇ ಪಕ್ಕದ, ಕೈಹಾಕದ ಇನ್ನೊಂದು ತೋಡಿನ ಬತ್ತಿದ ತಾರೀಕನ್ನೂ, ಅಂಗಳದ ಮಳೆಮಾಪಕದ ಲೆಕ್ಕವನ್ನೂ ಅದೇ ಪುಟದಲ್ಲಿ ಬರೆಯಿರಿ. ನೋಡಬೇಕಾದದ್ದು ಎರಡು ತೋಡುಗಳ ತಾರೀಕಿನ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿದೆಯೇ ಎಂದು.