ಸ್ಟ್ಯಾಂಡಪ್‌ನಲ್ಲಿ ಬೋರ್ಡನ್ನು ಬಲಗಡೆಯಿಂದ ನೋಡಿ

ಹಾಸನದಲ್ಲಿ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡೋರಿಗೆ ಒಂದು ಮಾತು. ಸ್ಟ್ಯಾಂಡಪ್‌ನಲ್ಲಿ, ಅಂದ್ರೆ ತಂಡದ ದಿನನಿತ್ಯದ ಚಿಕ್ಕ ಮೀಟಿಂಗ್‌ನಲ್ಲಿ, ‘ನಿನ್ನೆ ಏನು, ಇವತ್ತು ಏನು, ಅಡಚಣೆ ಏನು’ ಅಂತ ಒಬ್ಬೊಬ್ಬರೇ ಹಾಜರಿ ಹೇಳೋದು ಬಿಡಿ. ಸ್ಕ್ರಮ್ ಅನ್ನೋ ಕೆಲಸದ ಪದ್ಧತಿಯ ಕೈಪಿಡಿಯಾದ ಸ್ಕ್ರಮ್ ಗೈಡ್‌ನಲ್ಲೇ 2020ರಲ್ಲಿ ಆ ಮೂರು ಪ್ರಶ್ನೆ ಕೈಬಿಟ್ಟಿದ್ದಾರೆ. 15 ನಿಮಿಷದ ಮಿತಿ ಮಾತ್ರ ಹಾಗೇ ಇದೆ.

ನಾವೀಗ ಬೋರ್ಡನ್ನು (ಒಂದೊಂದು ಕೆಲಸಕ್ಕೆ ಒಂದು ಕಾರ್ಡ್; ಶುರುವಾದದ್ದು ಎಡಕ್ಕೆ, ಮುಗಿದದ್ದು ಬಲಕ್ಕೆ) ಬಲದಿಂದ ಎಡಕ್ಕೆ ನೋಡ್ತೀವಿ. ಮುಗಿಯೋಕೆ ಹತ್ತಿರ ಇರೋ ಕಾರ್ಡ್ ಮೊದಲು: ರಿವ್ಯೂಗೆ ಕಾದಿದೆಯಾ? ಟೆಸ್ಟಿಂಗ್‌ನಲ್ಲಿ ನಿಂತಿದೆಯಾ? ಯಾರು ಕೈ ಹಾಕ್ತೀರಿ? ಹೊಸ ಕೆಲಸ ಆಮೇಲೆ. ಮೊದಲೆಲ್ಲ ಒಂದು ಪುಲ್ ರಿಕ್ವೆಸ್ಟ್ (ಬರೆದ ಕೋಡ್ ನೋಡಿ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ನಾಲ್ಕು ದಿನ ಕೊಳೀತಿತ್ತು, ಆದ್ರೂ ಎಲ್ಲರೂ ‘ನಂದು ಮುಗೀತು’ ಅಂತಿದ್ರು!

ಸಕಲೇಶಪುರದ ಕಡೆಯವರಿಗೆ ಮಳೆಗಾಲದಲ್ಲಿ ಕರೆಂಟು ಹೋದ್ರೆ ಗೊತ್ತಲ್ಲ. ಅರ್ಧ ಆಗಿದ್ರೂ ಸರಿ, ಸಂಜೆ ಕೋಡ್ ಪುಶ್ ಮಾಡಿ (ತಂಡದವರಿಗೆಲ್ಲ ಸಿಗೋ ಕಡೆ ಕಳಿಸಿ), ಕಾರ್ಡ್‌ನಲ್ಲಿ ಎರಡು ಸಾಲು ಬರೆದಿಡಿ. ಬೇರೆಯವರು ಮುಂದುವರಿಸ್ತಾರೆ.