ಆಗುಂಬೆಗೆ ಚರ್ಚ್ ಸಭೆಯ ಪ್ರವಾಸ: ಅಜ್ಜಿಯರೂ ಬರುವಂತೆ ಏರ್ಪಡಿಸುವುದು ಹೇಗೆ?

ಘಟ್ಟದ ಪ್ರವಾಸವೆಂದರೆ ಯುವಜನ ಕೂಟಕ್ಕೆ ಬಿಟ್ಟದ್ದು ಎಂಬ ಭಾವನೆ ಉಡುಪಿ ಸುತ್ತಮುತ್ತಲಿನ ಎಷ್ಟೋ ಚರ್ಚುಗಳಲ್ಲಿದೆ. ಎಂಬತ್ತು ದಾಟಿದ ಅಜ್ಜಿಯೂ ಹೊರಟರೆ ಮಾತ್ರ ಅದು ಸಭೆಯ ಪ್ರವಾಸ. ಆದ್ದರಿಂದ ತಯಾರಿಯ ಮೊದಲ ದಿನದಿಂದಲೇ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಜನವರಿ ಒಳ್ಳೆಯದು. ಡಿಸೆಂಬರ್ ಪೂರ್ತಿ ಕ್ರಿಸ್‌ಮಸ್ ಹಾಡುಗಳ ಅಭ್ಯಾಸಕ್ಕೇ ಸಾಲದು. ಮಳೆಗಾಲದಲ್ಲಿ ಆಗುಂಬೆಯ ಜಾರು ನೆಲ, ಇಂಬಳಗಳ ನಡುವೆ ಹಿರಿಯರನ್ನು ಇಳಿಸುವಂತಿಲ್ಲ. ಭಾನುವಾರದ ಆರಾಧನೆ ತಪ್ಪದಂತೆ ಶನಿವಾರವನ್ನೋ ರಜಾದಿನವನ್ನೋ ಆರಿಸಿಕೊಂಡು, ಒಂದು ತಿಂಗಳು ಮೊದಲೇ ಪ್ರಕಟಣೆ ಮಾಡಿಸಿ.

ಹಣದ ವಿಷಯದಲ್ಲಿ ಬಹಳ ಎಚ್ಚರ ಬೇಕು. ತಲೆಗಿಷ್ಟು ಎಂದು ಪಟ್ಟಿ ಹಿಡಿದು ವಸೂಲಿಗೆ ನಿಂತರೆ ಕೈಯಲ್ಲಿಲ್ಲದವರು ‘ಮನೆಯಲ್ಲಿ ಕೆಲಸವಿದೆ’ ಎಂದು ಸುಮ್ಮನಾಗುತ್ತಾರೆ. ಪ್ರತಿ ಮನೆಗೂ ಒಂದೇ ಬಗೆಯ ಲಕೋಟೆ ಕೊಡಿ. ಹೆಸರು ಬೇಡ, ಅಂದಾಜು ಖರ್ಚು ಮಾತ್ರ ಬರೆದಿರಲಿ. ಇದ್ದವರು ಹೆಚ್ಚು ಹಾಕಲಿ, ಇಲ್ಲದವರು ಖಾಲಿ ಲಕೋಟೆಯನ್ನೇ ಅಂಟಿಸಿ ಪೆಟ್ಟಿಗೆಗೆ ಹಾಕಲಿ. ಕಡಿಮೆ ಬಿದ್ದದ್ದನ್ನು ಸಭೆಯ ನಿಧಿ ತುಂಬಲಿ. ಯಾರು ಎಷ್ಟು ಕೊಟ್ಟರೆಂಬುದು ಖಜಾಂಚಿಗೂ ತಿಳಿಯಬಾರದು.

ದೊಡ್ಡ ಬಸ್ ಬೇಡ. ಘಟ್ಟದ ಬುಡದ ಸೋಮೇಶ್ವರದಿಂದ ಮೇಲೇರುವ ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿದೆ. ಮಿನಿ ಬಸ್ಸುಗಳನ್ನೇ ಗೊತ್ತುಮಾಡಿ, ಮುಂದಿನ ಸೀಟುಗಳನ್ನು ಹಿರಿಯರಿಗೂ ವಾಂತಿಯಾಗುವ ಮಕ್ಕಳಿಗೂ ಮೀಸಲಿಡಿ. ಬೆಳಿಗ್ಗೆ ಚರ್ಚಿನಂಗಳದಲ್ಲಿ ಸಭಾಪಾಲಕರ ಪ್ರಾರ್ಥನೆ, ಒಂದು ಕೀರ್ತನೆ, ಆಮೇಲೆ ಹೊರಡುವುದು. ತಿಂಡಿಗೆ ಎರಡು ಮೂಡೆ (ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ), ಚಟ್ನಿ ಸಾಕು. ಹೊಟ್ಟೆ ಬಿರಿಯೆ ತಿಂದು ಘಟ್ಟ ಹತ್ತಿದರೆ ಕಷ್ಟ. ಹೆಬ್ರಿಯಲ್ಲಿ ಎಲ್ಲರನ್ನೂ ಇಳಿಸಿ ಶೌಚಾಲಯಕ್ಕೆ ಹೋಗಿಬರಲು ಸಮಯ ಕೊಡಿ. ಹತ್ತಿದ ಮೇಲೆ ತಲೆ ಎಣಿಸಿ, ಪ್ರತಿ ನಿಲುಗಡೆಯಲ್ಲೂ ಎಣಿಸಿ.

ಆಗುಂಬೆ ಸಮೀಪದ ಕುಂದಾದ್ರಿ ಬೆಟ್ಟವನ್ನು ತಪ್ಪಿಸಬೇಡಿ. ಬಂಡೆಯ ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ, ಪಕ್ಕದಲ್ಲೇ ಕಲ್ಲಿನಲ್ಲಿ ನಿಂತ ನೀರಿನ ಕೊಳ, ಸುತ್ತಲೂ ಕಣ್ಣು ಹಾಯುವಷ್ಟು ಕಾಡು. ಕೊನೆಯ ಏರು ತೀರ ಕಡಿದು. ನಿಮ್ಮ ವಾಹನ ಹತ್ತುತ್ತದೆಯೇ ಎಂದು ಚಾಲಕರೊಡನೆ ಮೊದಲೇ ಮಾತಾಡಿ. ಇದು ಜೈನರ ಪವಿತ್ರ ಕ್ಷೇತ್ರ. ಅಂದಿನ ಬುತ್ತಿ ಪೂರ್ತಿ ಸಸ್ಯಾಹಾರವಾಗಿರಲಿ: ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ. ಚಪ್ಪಲಿ ಹೊರಗಿಡಬೇಕು, ದನಿ ತಗ್ಗಿಸಬೇಕು ಎಂಬುದನ್ನು ಸಂಡೇ ಸ್ಕೂಲಿನ ಮಕ್ಕಳಿಗೆ ಹಿಂದಿನ ವಾರವೇ ಹೇಳಿಕೊಡಿ. ನಮ್ಮ ಹಾಡು, ಆಟಗಳನ್ನು ಊಟಕ್ಕೆಂದು ಮೊದಲೇ ಗೊತ್ತುಮಾಡಿದ ಹೋಮ್‌ಸ್ಟೇ ಅಂಗಳದಲ್ಲಿ ಇಟ್ಟುಕೊಳ್ಳೋಣ. ಮೈಕ್ ಬೇಡ. ಊಟವಾದ ಮೇಲೆ ಹಿರಿಯರಿಗೆ ಒಂದು ಗಂಟೆ ಮಲಗಲು ಚಾಪೆ ಬೇಕು. ಸಂಜೆಯವರೆಗೆ ಅವರು ಉಲ್ಲಾಸದಿಂದಿರಲು ಈ ವಿಶ್ರಾಂತಿಯೇ ಆಧಾರ.

ಸೂರ್ಯಾಸ್ತ ನೋಡುವ ಜಾಗ ರಸ್ತೆಯ ಬದಿಯಲ್ಲೇ ಇದೆ, ಹೆಚ್ಚು ನಡೆಯಬೇಕಿಲ್ಲ. ಐದೂವರೆಗೇ ತಲುಪಿ, ಅಜ್ಜ ಅಜ್ಜಿಯರಿಗೆ ಮಡಚುವ ಕುರ್ಚಿ ಒಯ್ಯಿರಿ. ಮಂಗಗಳಿಗೆ ತಿಂಡಿ ಹಾಕಬೇಡಿ. ಇಳಿಯುವಾಗ ಕತ್ತಲಾಗಿರುತ್ತದೆ, ಆದ್ದರಿಂದ ಚಾಲಕರನ್ನು ಆತುರಪಡಿಸಬೇಡಿ. ಹಿರಿಯರನ್ನು ಅವರವರ ಮನೆಬಾಗಿಲಿಗೇ ಬಿಟ್ಟು ಬನ್ನಿ, ಮುಂದಿನ ಭಾನುವಾರ ಖರ್ಚಿನ ಲೆಕ್ಕವನ್ನು ಸೂಚನಾ ಫಲಕಕ್ಕೆ ಹಾಕಿ.